ಹೆಸರು ಊರಲ್ಲಿ, ಹುಡುಗ ಪರಊರಲ್ಲಿ

ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ. ನಡುವಿನ ಎರೆನೆಲಕ್ಕೆ ಶಾಸನಗಳು ಎಡೆದೊರೆ ನಾಡು ಎಂದವು, ಪಾರಸಿ ದಫ್ತರಗಳು ದೋಆಬ್ ಎಂದವು. ಈ ನೆಲದಲ್ಲಿ ಲಿಂಗಸುಗೂರು ಒಂದು ಕಾಲಕ್ಕೆ ಜಿಲ್ಲೆಯ ಕೇಂದ್ರ. ಅಲ್ಲಿ ದಂಡಿನ ಛಾವಣಿ ಇತ್ತು, ಅವ್ವಲ್ ತಾಲೂಕದಾರ ಎಂಬ ಜಿಲ್ಲಾಧಿಕಾರಿಯ ಕಚೇರಿ ಇತ್ತು, ಬಂಡಿ ಕಟ್ಟಿಕೊಂಡು ಬಂದ ರೈತರು ಅಹವಾಲು ಹಿಡಿದು ಕಾಯುವ ಕಟ್ಟೆ ಇತ್ತು. 1905ರಲ್ಲಿ ನಿಜಾಮರ ಸರ್ಕಾರ ಜಿಲ್ಲೆಗಳ ಎಲ್ಲೆಯನ್ನು ಹೊಸದಾಗಿ ಬರೆದಾಗ ಲಿಂಗಸುಗೂರು ಜಿಲ್ಲೆ ಅಳಿಯಿತು. ಲಿಂಗಸುಗೂರು, ಸಿಂಧನೂರು, ಕುಷ್ಟಗಿ, ಗಂಗಾವತಿ ರಾಯಚೂರಿಗೆ ಸೇರಿದವು. ಸುರಪುರ, ಶಹಾಪುರ ಕಲಬುರಗಿಗೆ ಹೋದವು. ಒಂದು ಹುಕುಮಿನಿಂದ ಕಚೇರಿ ಎರಡು ದಿನದ ಬಂಡಿದಾರಿಯಷ್ಟು ದೂರ ಸರಿಯಿತು. ಈ ನಾಡಿನ ಮತದಾನದ ಕಥೆ ಹೇಳಹೊರಟವನು ದೂರದಿಂದಲೇ ಆರಂಭಿಸಬೇಕು. ಇಲ್ಲಿ ಹಕ್ಕು ಹಲವು ಸಲ ಹತ್ತಿರ ಬಂದಿದೆ. ಅದನ್ನು ಚಲಾಯಿಸುವ ಜಾಗ ಮಾತ್ರ ಆಗಾಗ ದೂರ ಸರಿದಿದೆ.

ಹತ್ತು ವರ್ಷ ಕಳೆದು 1915ರಲ್ಲಿ, ಆಗ ಲಿಂಗಸುಗೂರು ತಾಲ್ಲೂಕಿನ ಹಳ್ಳಿಯಾಗಿದ್ದ ಮಸ್ಕಿಯ ಗುಡ್ಡದಲ್ಲಿ, ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಬ್ರಾಹ್ಮೀ ಅಕ್ಷರಗಳ ಬಂಡೆ ಬಿತ್ತು. ದೇವಾನಾಂಪಿಯ ಎಂಬ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರು ಅಲ್ಲಿತ್ತು. ಬಿರುದಿನ ಹಿಂದಿದ್ದ ದೊರೆ ಯಾರೆಂಬ ವಿದ್ವಾಂಸರ ತಕರಾರು ಮಸ್ಕಿಯಲ್ಲಿ ಮುಗಿಯಿತು. ಆ ಶಾಸನದ ತಿರುಳು ಚಿಕ್ಕದು: ಧರ್ಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಕಿರಿಯನಿಗೂ ಎಟುಕುತ್ತದೆ, ಇದನ್ನು ಇಬ್ಬರಿಗೂ ತಿಳಿಸಿರಿ. ದೊರೆಯ ಮಾತು ಬಂಡೆಯ ಮೇಲೆ ಉಳಿದರೂ, ದೊರೆಯನ್ನು ಆರಿಸುವ ಮಾತು ಈ ಊರಿಗೆ ತಲುಪಲು ಇಪ್ಪತ್ತೆರಡು ಶತಮಾನ ಬೇಕಾಯಿತು.

ಮೊದಲು ದೂರವಾದದ್ದು ವಿದ್ಯೆ. 1918ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನಿನಿಂದ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ತಲೆಯೆತ್ತಿತು. ಕಲಿಸುವ ಭಾಷೆ ಉರ್ದು. ಸಿಂಧನೂರಿನ ಹುಡುಗನೊಬ್ಬ ಬಿ.ಎ. ಓದಬೇಕೆಂದರೆ ರಾಯಚೂರಿನವರೆಗೆ ಬಂಡಿ, ಅಲ್ಲಿಂದ ವಾಡಿ ಮಾರ್ಗವಾಗಿ ರೈಲು, ಮುಂದೆ ಪರಭಾಷೆಯ ಪಾಠ, ಪರಊರಿನ ಹಾಸ್ಟೆಲು. ಅಷ್ಟು ದೂರ ಹೋದವರು ಬೆರಳೆಣಿಕೆಯವರು. ಹೋದವರಿಗೆ ಅಲ್ಲಿ ಓದಿನೊಂದಿಗೆ ಮತ್ತೊಂದು ಪಾಠವೂ ಆಯಿತು. 1938ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮೊದಲೇ ನಿಷೇಧಕ್ಕೆ ಒಳಗಾಯಿತು. ಅದೇ ವರ್ಷದ ಕೊನೆಯಲ್ಲಿ ಉಸ್ಮಾನಿಯಾದ ಹಾಸ್ಟೆಲುಗಳಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅವರಲ್ಲಿ ಅನೇಕರು ನಾಗಪುರದ ವಿಶ್ವವಿದ್ಯಾಲಯಕ್ಕೆ ಹೋಗಿ ಓದು ಮುಂದುವರಿಸಿದರು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹ ರಾವ್ ಅವರಲ್ಲೊಬ್ಬರು. ಹಾಡಿದ್ದಕ್ಕೆ ಹಾಸ್ಟೆಲು ಹೋಯಿತು. ಓಟು ಕೇಳುವ ಮಾತಂತೂ ದೂರ.

ಹೈದರಾಬಾದಿಗೆ ಚುನಾವಣೆಯೇ ಗೊತ್ತಿರಲಿಲ್ಲ ಎಂದರೆ ತಪ್ಪಾದೀತು. 1939ರ ಸುಧಾರಣೆಯ ಯೋಜನೆ ಒಂದು ಶಾಸನಸಭೆಯನ್ನು ನಕ್ಷೆಯಲ್ಲಿ ತೋರಿಸಿತು. ಆದರೆ ಅದರ ಕ್ಷೇತ್ರಗಳು ಊರಿನ ಲೆಕ್ಕದವಲ್ಲ, ಕಸುಬಿನ ಲೆಕ್ಕದವು. ಜಹಗೀರದಾರರಿಗೆ ಇಷ್ಟು, ವಕೀಲರಿಗೆ ಇಷ್ಟು, ವೈದ್ಯರು, ವರ್ತಕರು, ಪದವೀಧರರಿಗೆ ಇಷ್ಟು ಎಂದು ಹಂಚಿಕೆ. ಪದವಿ ಮುಗಿಸಿದವನಿಗೆ ಒಂದು ಬಾಗಿಲು ಇತ್ತು. ಪದವಿ ಓದುತ್ತಿರುವವನಿಗೆ, ಎರೆಹೊಲದ ಕೂಲಿಗೆ, ಅವನ ಹೆಂಡತಿಗೆ ಇರಲಿಲ್ಲ. ಆ ಸಭೆಗೆ ಚುನಾವಣೆ ನಡೆದದ್ದು 1946ರಲ್ಲಿ, ಸ್ಟೇಟ್ ಕಾಂಗ್ರೆಸ್ಸಿನ ಬಹಿಷ್ಕಾರದ ನಡುವೆ. ಎರಡು ವರ್ಷದೊಳಗೆ ಅದರ ಹೆಸರು ಕೇಳುವವರೂ ಉಳಿಯಲಿಲ್ಲ.

1947ರಲ್ಲಿ ಭಾರತಕ್ಕೆ ಸೇರುವ ಹೋರಾಟಕ್ಕೆಂದು ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಕೊಟ್ಟ ಕರೆಗೆ ಓಗೊಟ್ಟು ವಿದ್ಯಾರ್ಥಿಗಳು ತರಗತಿ ತೊರೆದರು. ಗಡಿಯಾಚೆ, ಬ್ರಿಟಿಷ್ ಆಡಳಿತ ಆಗತಾನೇ ತೆರವು ಮಾಡಿದ ನೆಲದಲ್ಲಿ, ಮುಂಡರಗಿ, ಗಜೇಂದ್ರಗಡದಂಥ ಊರುಗಳಲ್ಲಿ ಶಿಬಿರಗಳು ಎದ್ದವು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿಯ ಶಿವಮೂರ್ತಿಸ್ವಾಮಿಗಳು. 1948ರ ಸೆಪ್ಟೆಂಬರ್ 13ರಂದು ಪೊಲೀಸ್ ಆ್ಯಕ್ಷನ್ ಎಂಬ ಹೆಸರಲ್ಲಿ ಭಾರತದ ಸೇನೆ ಒಳಬಂತು. ಐದು ದಿನದಲ್ಲಿ ನಿಜಾಮಶಾಹಿ ಮುಗಿಯಿತು. ಇಂದಿಗೂ ಈ ಭಾಗದ ಹಿರಿಯರು ಕಾಲವನ್ನು ಎರಡಾಗಿ ಎಣಿಸುತ್ತಾರೆ: ಪೊಲೀಸ್ ಆ್ಯಕ್ಷನ್ನಿಗೆ ಮೊದಲು, ಪೊಲೀಸ್ ಆ್ಯಕ್ಷನ್ನಿನ ನಂತರ.

ಆಮೇಲೆ ಬಂದದ್ದು ಪಟ್ಟಿ. ಸುಕುಮಾರ್ ಸೇನ್ ಅವರ ಮೊದಲ ಚುನಾವಣಾ ಆಯೋಗ 17 ಕೋಟಿಗೂ ಮಿಕ್ಕ ಮತದಾರರ ಹೆಸರು ಬರೆಸಿತು. ಬೇರೆ ಪ್ರಾಂತಗಳಲ್ಲಿ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಹೇಳಿ ಸ್ವಂತ ಹೆಸರು ಹೇಳಲೊಲ್ಲದ 28 ಲಕ್ಷದಷ್ಟು ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಹೆಸರಿಲ್ಲದವಳಿಗೆ ಓಟಿಲ್ಲ ಎಂಬ ನಿಷ್ಠುರ ಅಂದೇ ನಿಂತಿತು. 1950ರ ಪ್ರಜಾಪ್ರತಿನಿಧಿ ಕಾಯ್ದೆ ಇನ್ನೊಂದು ಗೂಟವನ್ನೂ ನೆಟ್ಟಿತು: ಸಾಮಾನ್ಯವಾಗಿ ಯಾವ ಊರಲ್ಲಿ ವಾಸವೋ ಆ ಊರಿನ ಪಟ್ಟಿಯಲ್ಲೇ ಹೆಸರು, ಒಬ್ಬನಿಗೆ ಒಂದೇ ಕಡೆ. ನ್ಯಾಯವಾದ ಮಾತೇ. ಮನೆ, ಹೊಲ, ಓಟು ಒಂದೇ ಊರಲ್ಲಿದ್ದ ಕಾಲಕ್ಕೆ ಅದು ಯಾರ ಕಾಲಿಗೂ ತೊಡರಲಿಲ್ಲ.

ಮೊದಲ ಮಹಾಚುನಾವಣೆಯಲ್ಲಿ ಚೀಟಿಗೆ ಗುರುತು ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ; ಪರದೆಯ ಹಿಂದೆ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರುವುದು. ಓದು ಬರದವನೂ ಜೋಡೆತ್ತನ್ನು ಗುರುತಿಸಬಲ್ಲ. ನೆರೆಯ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಗೆದ್ದವರು ಅದೇ ಶಿವಮೂರ್ತಿಸ್ವಾಮಿಗಳು. ಆದರೆ ಅವರ ಶಿಬಿರಕ್ಕಾಗಿ ಕಾಲೇಜು ಬಿಟ್ಟ ಹುಡುಗರಲ್ಲಿ ಆಗಿನ್ನೂ ಇಪ್ಪತ್ತೊಂದು ತುಂಬದವರಿಗೆ ಓಟಿರಲಿಲ್ಲ. ಸಂವಿಧಾನದ 326ನೇ ವಿಧಿ ಆ ವಯಸ್ಸನ್ನು ಗೊತ್ತುಮಾಡಿತ್ತು. ಹದಿನಾರಕ್ಕೆ ಮೆಟ್ರಿಕ್, ಇಪ್ಪತ್ತಕ್ಕೆ ಬಿ.ಎ.; ಅಂದರೆ ಓದು ಮುಗಿದ ಮೇಲೆಯೇ ಓಟು. ವಿದ್ಯಾರ್ಥಿಯೂ ಮತದಾರನೂ ಆದ ಒಬ್ಬ ಮನುಷ್ಯ ಎಡೆದೊರೆಯಲ್ಲಿ ಆಗ ಅಪರೂಪದ ಪ್ರಾಣಿ.

ಆ ಚುನಾವಣೆಯ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ದೇಶವೆಲ್ಲ ಓಟು ಹಾಕುವ ತಿಂಗಳುಗಳ ಮೊದಲೇ, 1951ರ ಅಕ್ಟೋಬರ್ 25ರಂದು, ಹಿಮಾಚಲದ ಚಿನಿ ತಾಲ್ಲೂಕಿನಲ್ಲಿ ಮತದಾನ ನಡೆಯಿತು. ಹಿಮ ಬಿದ್ದು ದಾರಿ ಮುಚ್ಚಿದರೆ ಆ ಜನ ಮತಗಟ್ಟೆಗೆ ಬರಲಾರರೆಂದು ಸರ್ಕಾರವೇ ದಿನವನ್ನು ಮೊದಲೇ ಇಟ್ಟಿತು. ಅಂದು ಮೊದಲ ಓಟು ಹಾಕಿದವರು ಶ್ಯಾಮ್ ಸರಣ್ ನೇಗಿ ಎಂಬ ಶಾಲಾಮಾಸ್ತರು. ದಾರಿ ಮುಚ್ಚುವುದನ್ನು ಮೊದಲೇ ಕಂಡು ಓಟಿನ ದಿನವನ್ನೇ ಸರಿಸಿದ ವಿವೇಕ ನಮ್ಮ ಗಣರಾಜ್ಯದ ತೊಟ್ಟಿಲಲ್ಲೇ ಇತ್ತು. ಹಿಮಕ್ಕೆ ಸಿಕ್ಕ ಆ ರಿಯಾಯಿತಿ ಹಾಸ್ಟೆಲಿಗೆ ಇಂದಿಗೂ ಸಿಕ್ಕಿಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ನಿಂತಿತು, 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಎರೆಯನ್ನು ಭತ್ತದ ಗದ್ದೆ ಮಾಡಿತು. ಆಂಧ್ರದಿಂದ ಬಂದ ರೈತರು ಕ್ಯಾಂಪು ಹಾಕಿದರು, ಕ್ಯಾಂಪುಗಳೇ ಊರಾದವು. ಪೂರ್ವ ಪಾಕಿಸ್ತಾನ ಬಿಟ್ಟುಬಂದ ಬಂಗಾಳಿ ಕುಟುಂಬಗಳಿಗೂ ಸಿಂಧನೂರಿನ ಬಳಿ ಆರ್.ಎಚ್. ಕ್ಯಾಂಪುಗಳಲ್ಲಿ ನೆಲ ಸಿಕ್ಕಿತು. ಅವರಲ್ಲಿ ಕೆಲವರಿಗೆ ಪೌರತ್ವದ ಕಾಗದ ಕೈಸೇರಿದ್ದು 2024ರಲ್ಲಿ. ನೀರು ಒಂದು ಕಡೆಗೆ ಜನರನ್ನು ಕರೆತಂದರೆ, ನೀರಿಲ್ಲದ ಲಿಂಗಸುಗೂರು, ಮಸ್ಕಿಯ ಮೇಲ್ನೆಲದಿಂದ ಜನ ಗುಳೆ ಹೋದರು. ಮಕ್ಕಳು ಓದಿಗೆ ಹೋದರು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದಾಗ ಹೈದರಾಬಾದಿನ ದೂರ ಕಲಬುರಗಿಗೆ ಇಳಿಯಿತು, ನಿಜ. ಆದರೆ ಇಂಜಿನಿಯರಿಂಗು, ನರ್ಸಿಂಗು, ಕೋಚಿಂಗು ಎಂದರೆ ಧಾರವಾಡ, ಬಳ್ಳಾರಿ, ಬೆಂಗಳೂರು. ಗುಳೆಯ ಬುತ್ತಿಯೂ ವಿದ್ಯೆಯ ಟ್ರಂಕೂ ಒಂದೇ ಬಸ್ಸಿನಲ್ಲಿ ಹೊರಡತೊಡಗಿದವು.

ಹೀಗೆ ಹೊರಟವರ ಕೈಗೆ ಓಟು ಬಂದದ್ದು 1989ರ ಮಾರ್ಚ್ 28ರಂದು. ಸಂವಿಧಾನದ 61ನೇ ತಿದ್ದುಪಡಿ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಿತು. ಅದೇ ನವೆಂಬರಿನಲ್ಲಿ ಕರ್ನಾಟಕ ಲೋಕಸಭೆಗೂ ವಿಧಾನಸಭೆಗೂ ಕೂಡಿಯೇ ಓಟು ಹಾಕಿತು. ವಿದ್ಯಾರ್ಥಿ ಮತದಾರ ಎಂಬುವನು ಹುಟ್ಟಿದ್ದು ಆಗ. ಹುಟ್ಟುವಾಗಲೇ ಅವನ ಹೆಸರು ಒಂದು ಊರಲ್ಲಿ, ದೇಹ ಇನ್ನೊಂದು ಊರಲ್ಲಿ.

ಅವನ ವಯಸ್ಸಿನದೂ ಒಂದು ವಿಚಿತ್ರ. ಈ ಸೀಮೆಯ ಶಾಲೆಗಳಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಮಾಸ್ತರರು ಜೂನ್ 1 ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಹಳೆಯ ಹಾಜರಿ ಪುಸ್ತಕ ತೆರೆದರೆ ಇಡೀ ತರಗತಿ ಒಂದೇ ಬೆಳಗ್ಗೆ ಹುಟ್ಟಿದಂತೆ ಕಾಣುತ್ತದೆ. ಮತದಾರರ ಪಟ್ಟಿಗೆ ಅರ್ಹತೆಯ ದಿನವಾದರೋ ಆಗ ವರ್ಷಕ್ಕೆ ಒಂದೇ, ಜನವರಿ 1. ಜೂನಿನಲ್ಲಿ ಹದಿನೆಂಟು ತುಂಬಿದವನು ಏಳು ತಿಂಗಳು ಕಾಯಬೇಕಿತ್ತು. 2020ರ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ, ಆ ಜೂನ್ 1ಕ್ಕೆ ಹದಿನೆಂಟಾದ ಹುಡುಗರು ಸ್ವಂತ ಊರಿನ ಕಟ್ಟೆಯ ಮೇಲೆ ಕೂತು ನೋಡಿದರು. ಕೊರೊನಾ ಕಾಲ, ಕಾಲೇಜು ಮುಚ್ಚಿ ಮಕ್ಕಳೆಲ್ಲ ಊರಲ್ಲೇ ಇದ್ದ ಅಪರೂಪದ ವರ್ಷ ಅದು. ದೇಹ ಊರಲ್ಲಿತ್ತು, ಹೆಸರು ಇರಲಿಲ್ಲ. ಈ ತೊಡಕನ್ನು ಬಿಡಿಸಿದ್ದು 2021ರ ತಿದ್ದುಪಡಿ ಕಾಯ್ದೆ: 2022ರ ಆಗಸ್ಟ್ 1ರಿಂದ ಅರ್ಹತೆಯ ದಿನ ನಾಲ್ಕಾದವು, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಿನ ಮೊದಲ ದಿನಗಳು. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದೆಂದೂ ಆಯಿತು.

ಈಗ ಮಸ್ಕಿಯ ಮಾತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಮಸ್ಕಿ ಹೊಸ ವಿಧಾನಸಭಾ ಕ್ಷೇತ್ರವಾಯಿತು. ತಾಲ್ಲೂಕಾದದ್ದು ಅದಕ್ಕೂ ಹತ್ತು ವರ್ಷ ತಡವಾಗಿ. ಲೋಕಸಭೆಯ ಲೆಕ್ಕದಲ್ಲಿ ಸಿಂಧನೂರು, ಮಸ್ಕಿ ಕೊಪ್ಪಳಕ್ಕೆ, ಲಿಂಗಸುಗೂರು ರಾಯಚೂರಿಗೆ. ಒಂದೇ ಜಿಲ್ಲೆಯ ಮೂರು ಅಕ್ಕಪಕ್ಕದ ಊರುಗಳ ಓಟು ಎರಡು ಕಡೆ ಹರಿಯುತ್ತದೆ. 2018ರ ಮೇ 12ರಂದು ಮಸ್ಕಿಯಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಸೋಲಿಸಿದ ಅಂತರ 213 ಓಟು. ನಾಲ್ಕೈದು ಬಸ್ಸುಗಳಲ್ಲಿ ಹಿಡಿಸುವಷ್ಟು ಜನ. ಪರಊರಿನ ಹಾಸ್ಟೆಲುಗಳಲ್ಲಿ ಮಸ್ಕಿಯ ಎಷ್ಟು ಮಕ್ಕಳಿದ್ದಾರೆಂದು ಬಲ್ಲವರಿಗೆ ಈ ಸಂಖ್ಯೆ ನಿದ್ದೆ ಕೆಡಿಸಬೇಕು.

2019ರ ಜುಲೈಯಲ್ಲಿ ಪಾಟೀಲರು ಅನರ್ಹಗೊಂಡರು. ಅವರೊಂದಿಗೆ ಅನರ್ಹರಾದವರ ಬಹುಪಾಲು ಕ್ಷೇತ್ರಗಳಲ್ಲಿ ಡಿಸೆಂಬರಿಗೇ ಉಪಚುನಾವಣೆ ಮುಗಿದರೂ, ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಇದ್ದ ಕಾರಣ ಮಸ್ಕಿ ಕಾಯಿತು. ಹತ್ತಿರ ಹತ್ತಿರ ಇಪ್ಪತ್ತೊಂದು ತಿಂಗಳು ಆ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ. ಅಷ್ಟರಲ್ಲಿ ಇಬ್ಬರು ಎದುರಾಳಿಗಳೂ ಪಕ್ಷ ಅದಲುಬದಲು ಮಾಡಿಕೊಂಡಿದ್ದರು. ಹಳೆಯ ಗೋಡೆಬರಹದಲ್ಲಿ ಚಿಹ್ನೆ ಮಾತ್ರ ಅಳಿಸಿದ್ದರೂ ನಡೆಯುತ್ತಿತ್ತು. ಕಡೆಗೆ 2021ರ ಏಪ್ರಿಲ್ 17, ಶನಿವಾರ, ಮತದಾನ ಗೊತ್ತಾಯಿತು. ಏಪ್ರಿಲ್ 7ರಂದೇ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಮುಷ್ಕರಕ್ಕೆ ಇಳಿದಿದ್ದರು. ಮುಷ್ಕರ ಮುಗಿದದ್ದು 21ಕ್ಕೆ. ಮತದಾನದ ದಿನ ಸರ್ಕಾರಿ ಕೆಂಪು ಬಸ್ಸು ಬಹುಪಾಲು ಡಿಪೊದಲ್ಲೇ ನಿಂತಿತ್ತು, ಊರು ಕೊರೊನಾದ ಎರಡನೇ ಅಲೆಯ ಬಾಯಲ್ಲಿತ್ತು. ಕಲಬುರಗಿಯಲ್ಲೋ ಬೆಂಗಳೂರಲ್ಲೋ ಇದ್ದ ಮಸ್ಕಿಯ ವಿದ್ಯಾರ್ಥಿಗೆ ಉಳಿದದ್ದು ಖಾಸಗಿ ಬಸ್ಸು, ಅದರ ಬಾಡಿಗೆ, ಮನೆಯವರ ಭಯ. ಆ ಮುಷ್ಕರದ ಬೇಡಿಕೆಯನ್ನು ನಾನು ಹೀಗಳೆಯುತ್ತಿಲ್ಲ. ಮತಗಟ್ಟೆ ಮನೆಯಿಂದ 2 ಕಿಲೋಮೀಟರಿನೊಳಗೆ ಇರಬೇಕೆಂಬ ಆಯೋಗದ ನಿಯಮ ಮನೆಯಲ್ಲಿ ಇಲ್ಲದವನಿಗೆ ಏನೂ ಹೇಳುವುದಿಲ್ಲ ಎಂದಷ್ಟೇ ನನ್ನ ತಕರಾರು. ಆ ಸಲ ತುರ್ವಿಹಾಳರು ಗೆದ್ದದ್ದು ಮೂವತ್ತು ಸಾವಿರಕ್ಕೂ ಹೆಚ್ಚಿನ ಅಂತರದಲ್ಲಿ. ಹಾಸ್ಟೆಲಿನ ಮಕ್ಕಳನ್ನು ಯಾರೂ ಲೆಕ್ಕ ಕೇಳಲಿಲ್ಲ.

ಹೊರದೇಶಗಳಲ್ಲಿ ಇದೇ ಜಗಳ ಬೇರೆ ರೂಪ ತಾಳಿದೆ. ಅಮೆರಿಕ 1971ರಲ್ಲಿ ಹದಿನೆಂಟಕ್ಕೆ ಓಟು ಕೊಟ್ಟಿತು. ಟೆಕ್ಸಾಸಿನ ವಾಲರ್ ಕೌಂಟಿಯಲ್ಲಿ, ಕಪ್ಪು ಜನಾಂಗದ ಮಕ್ಕಳು ಓದುವ ಪ್ರೇರಿ ವ್ಯೂ ಕಾಲೇಜಿನವರ ಹೆಸರು ಬರೆದುಕೊಳ್ಳಲು ಅಧಿಕಾರಿ ಒಪ್ಪಲಿಲ್ಲ. ಓದುವ ಊರಲ್ಲೇ ಅವರು ಓಟು ಹಾಕಬಹುದೆಂಬ ತೀರ್ಪನ್ನು 1979ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಲ್ಲಿನ ಹಲವು ರಾಜ್ಯಗಳಲ್ಲಿ ಮತದಾನದ ದಿನಕ್ಕೆ ಮೊದಲೇ, ದಿನಗಟ್ಟಲೆ, ಮುಂಗಡ ಮತಗಟ್ಟೆ ತೆರೆದಿರುತ್ತದೆ. ಆ ಕಟ್ಟೆ ಕಾಲೇಜಿನ ಆವರಣದಲ್ಲಿ ಬೇಡವೆಂದು 2014ರಲ್ಲಿ ಫ್ಲೋರಿಡಾದ ಆಡಳಿತ ಹೇಳಿತು. 2018ರಲ್ಲಿ ನ್ಯಾಯಾಧೀಶ ಮಾರ್ಕ್ ವಾಕರ್ ಆ ನಿಷೇಧವನ್ನು ತಡೆದರು. ಅಲ್ಲಿ ಅಡ್ಡ ನಿಂತ ಅಧಿಕಾರಿಗೆ ಹೆಸರಿತ್ತು, ಅವನ ಮೇಲೆ ದಾವೆ ಹೂಡಲು ಬಂತು. ಎಡೆದೊರೆಯಲ್ಲಿ ಯಾವ ತಹಶೀಲ್ದಾರನೂ ವಿದ್ಯಾರ್ಥಿಗೆ ಓಟಿಲ್ಲ ಎಂದಿಲ್ಲ. ರಾತ್ರಿ ಬಸ್ಸಿನ ಮೇಲೆ ದಾವೆ ಹೂಡುವುದು ಹೇಗೆ?

ಮುಂಗಡ ಮತದಾನ ನಮ್ಮಲ್ಲಿ ಇಲ್ಲವೇ ಇಲ್ಲ ಎಂದೂ ಅಲ್ಲ. ಸೈನಿಕನಿಗೆ, ಚುನಾವಣಾ ಕೆಲಸದ ನೌಕರನಿಗೆ ಅಂಚೆ ಮತವಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ ಎಂಬತ್ತು ದಾಟಿದವರ, ಅಂಗವಿಕಲರ ಮನೆಬಾಗಿಲಿಗೇ ಮತಪೆಟ್ಟಿಗೆ ಬಂತು. ಮರುವರ್ಷ ಆ ವಯಸ್ಸು ಎಂಬತ್ತೈದಕ್ಕೆ ಏರಿತು. ಅಗತ್ಯ ಸೇವೆಯವರಿಗೂ ಒಂದು ಕಟ್ಟೆ ಉಂಟು. ವಿದ್ಯಾರ್ಥಿ ಈ ಯಾವ ಪಂಕ್ತಿಯಲ್ಲೂ ಇಲ್ಲ. ಒಂದೇ ಕೇಂದ್ರದಿಂದ 72 ಕ್ಷೇತ್ರಗಳ ಓಟು ತೆಗೆದುಕೊಳ್ಳಬಲ್ಲ ದೂರಮತದ ಯಂತ್ರವನ್ನು ಆಯೋಗ 2023ರ ಜನವರಿ 16ರಂದು ಪಕ್ಷಗಳ ಮುಂದಿಟ್ಟಿತು. ವಿರೋಧ ಪಕ್ಷಗಳು ಒಪ್ಪಲಿಲ್ಲ. ಯಂತ್ರ ಬೀರು ಸೇರಿತು. ಅವರ ಅನುಮಾನಗಳಲ್ಲಿ ಹುರುಳಿತ್ತು. ಆದರೆ ಅದರ ಬದಲಿಗೆ ಇನ್ನೇನೂ ಬರಲಿಲ್ಲ ಎಂಬುದೂ ಅಷ್ಟೇ ನಿಜ.

ದಿನ ಗೊತ್ತುಮಾಡುವುದರಲ್ಲೂ ಇವರ ನೆನಪಾಗುವುದಿಲ್ಲ. 2023ರ ಮೇ 10 ಬುಧವಾರ. ವಾರಾಂತ್ಯಕ್ಕೆ ಅಂಟಿದರೆ ನಗರದವರು ರಜೆ ಜೋಡಿಸಿಕೊಂಡು ಪ್ರವಾಸ ಹೋಗುತ್ತಾರೆಂದು ವಾರದ ನಡುವನ್ನೇ ಆರಿಸಿದ್ದೆಂದು ಆಯೋಗ ವಿವರಿಸಿತು. ಬೆಂಗಳೂರಿನ ಓಟುದಾರನನ್ನು ಕಟ್ಟಿಹಾಕಿದ ಆ ಬುಧವಾರ, ಬೆಂಗಳೂರಿನಿಂದ ಸಿಂಧನೂರಿಗೆ ಒಂದು ರಾತ್ರಿ ಹೋಗಿ ಒಂದು ರಾತ್ರಿ ಬರಬೇಕಾದವನನ್ನೂ ಅಲ್ಲೇ ಕಟ್ಟಿಹಾಕಿತು. 2024ರಲ್ಲಿ ಬೆಂಗಳೂರು ಏಪ್ರಿಲ್ 26ಕ್ಕೆ, ಕೊಪ್ಪಳ ಮತ್ತು ರಾಯಚೂರು ಮೇ 7ಕ್ಕೆ ಓಟು ಹಾಕಿದವು. ಹಾಸ್ಟೆಲಿನ ಗೆಳೆಯನ ಬೆರಳಿನ ಶಾಯಿ ಮಾಸುವ ಮೊದಲೇ ಸಿಂಧನೂರಿನವನು ಮಂಗಳವಾರವೊಂದಕ್ಕೆ ರಜೆ ಹುಡುಕಬೇಕಾಯಿತು. ಆ ಸಲ ಎರಡು ಅನುಕೂಲಗಳು ಮಾತ್ರ ತಾವಾಗಿ ಒದಗಿದವು. ಸಿಂಧನೂರಿಗೆ ಆ ವರ್ಷ ರೈಲು ಬಂದಿತ್ತು. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿತ್ತು. ಓಟಿಗೆಂದು ಮಾಡಿದ ಯೋಜನೆಯಲ್ಲ ಅದು. ಆದರೂ ಲಿಂಗಸುಗೂರಿನ ಹುಡುಗಿ ಓಟು ಹಾಕಲು ಕಾಸಿಲ್ಲದೆ ಊರಿಗೆ ಬರಬಹುದಾದ ಮೊದಲ ಮಹಾಚುನಾವಣೆ ಅದೇ.

ದಾರಿ ಇನ್ನೊಂದಿದೆ, ಬಳಸುವವರು ಕಡಿಮೆ. ಹಾಸ್ಟೆಲಿನಲ್ಲಿ ಇರುವ ವಿದ್ಯಾರ್ಥಿ ತಂದೆತಾಯಿಯ ಊರಲ್ಲಾದರೂ, ಓದುವ ಊರಲ್ಲಾದರೂ ಹೆಸರು ಬರೆಸಬಹುದು. ಓದು ಒಂದು ವರ್ಷಕ್ಕೆ ಕಡಿಮೆಯಿಲ್ಲದ, ಮಾನ್ಯತೆಯಿರುವ ಕೋರ್ಸಾಗಿರಬೇಕು. ಓದುವ ಊರಲ್ಲಿ ಬರೆಸುವುದಾದರೆ ನಮೂನೆ 6ರ ಜೊತೆ ಸಂಸ್ಥೆಯ ಮುಖ್ಯಸ್ಥರ ದೃಢೀಕರಣ ಇರಬೇಕು. ಆದರೆ ರೇಷನ್ ಕಾರ್ಡು, ಜಾತಿ ಆದಾಯದ ಪ್ರಮಾಣಪತ್ರ, ಈ ಭಾಗದ ಮೀಸಲಾತಿಯ 371ಜೆ ಪ್ರಮಾಣಪತ್ರ ಎಲ್ಲವೂ ಊರಿನ ಹೆಸರಿನ ಮೇಲೆ ನಿಂತಿರುವಾಗ, ಓಟಿನ ಚೀಟಿಯೊಂದನ್ನು ಬೇರೆ ಊರಿಗೆ ಬರೆಸಲು ಈ ಭಾಗದ ಮನೆಗಳು ಹೆದರುತ್ತವೆ. ಊರಿನ ಕಾಲುವೆ, ಊರಿನ ರಸ್ತೆ, ಊರಿನ ಪಂಚಾಯಿತಿ ಬಿಟ್ಟು ಬೆಂಗಳೂರಿನ ವಾರ್ಡಿಗೆ ಓಟು ಹಾಕಲು ಹುಡುಗನಿಗೂ ಮನಸ್ಸಿಲ್ಲ. ಅವನದು ತಪ್ಪೆಂದು ನಾನು ಹೇಳಲಾರೆ.

ವಿಧಾನಸಭೆಗೆ ಮುಂದಿನ ಚುನಾವಣೆಯ ಸರದಿ 2028ರ ಬೇಸಿಗೆಗೆ. ಪ್ರಾಂಶುಪಾಲರೇ, ವಾರ್ಡನ್ನರೇ, ಮಕ್ಕಳು ಎರಡು ಊರುಗಳಲ್ಲಿ ಯಾವುದನ್ನು ಆರಿಸುತ್ತಾರೆಂದು ಪ್ರವೇಶದ ದಿನವೇ ಕೇಳಿ, ಓದುವ ಊರನ್ನು ಆರಿಸಿದವರಿಗೆ ಆ ದೃಢೀಕರಣಕ್ಕೆ ಒಂದು ಸಹಿ ಹಾಕಿಕೊಡಿ. ಸ್ವಂತ ಊರನ್ನೇ ಆರಿಸಿದವರಿಗೆ ಮತದಾನದ ಹಿಂದಿನ ದಿನವೂ ಮರುದಿನವೂ ಪರೀಕ್ಷೆ ಇಡಬೇಡಿ.